ಮೊದಲು ಆಕ್ಸಿಲರೇಟರ್ ಬಿಡೋ ತಮ್ಮಾ!

ಕಳೆದ ವರ್ಷ ಅಕ್ಟೋಬರ್‌ನ ಒಂದು ಸಂಜೆ. ಹಿಪ್ಪರಗಿ ಬ್ಯಾರೇಜಿನ ಕಡೆಗೆ ಹೋಗುವ ಡಾಂಬರು ರಸ್ತೆ ಬಿಟ್ಟು ನಮ್ಮ ಜೀಪು ಕಬ್ಬಿನ ಹೊಲಗಳ ನಡುವಿನ ದಾರಿಗೆ ಇಳಿಯಿತು. ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿತ್ತು. ಗಾಡಿ ಗೆಳೆಯನ ಅಣ್ಣನದು, ಹೊಸದು, ಫೋರ್ ವೀಲ್ ಡ್ರೈವ್. ಸ್ಟಿಯರಿಂಗ್ ಹಿಡಿದವನು ನಾನು. ‘ಇದು ಎಲ್ಲಿ ಬೇಕಾದ್ರೂ ಹೋಗತೈತಿ’ ಎಂದು ಜಂಬ ಕೊಚ್ಚಿದವನೂ ನಾನೇ. ಕೃಷ್ಣೆಯ ದಂಡೆಯಲ್ಲಿ ಕೆಸರು ಚಿಮ್ಮಿಸುತ್ತ ಒಂದು ರೀಲ್ಸ್ ಮಾಡಬೇಕಿತ್ತು, ಅಷ್ಟೇ ನಮ್ಮ ಕೆಲಸ.

ಇನ್ನೂರು ಹೆಜ್ಜೆಯೂ ಹೋಗಿರಲಿಲ್ಲ, ಗಾಡಿ ನಿಂತಿತು. ನಾನು ಆಕ್ಸಿಲರೇಟರ್ ತುಳಿದೆ. ಚಕ್ರಗಳು ಗಿರ್ರನೆ ತಿರುಗಿದವು, ಕೆಸರು ಗಾಜಿನ ತನಕ ಹಾರಿತು, ಗಾಡಿ ಮಾತ್ರ ಗೇಣು ಕೆಳಗಿಳಿಯಿತು. ಇನ್ನಷ್ಟು ತುಳಿದೆ. ಆಕ್ಸಲ್ ತನಕ ಹೂತುಹೋಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಇನ್ನೊಂದು ತುದಿಯನ್ನು ಬಂಪರಿಗೆ ಸಿಕ್ಕಿಸಿ, ಜೋರಾಗಿ ಜಗ್ಗಲು ಹೇಳಿದೆವು. ಎರಡನೇ ಜಗ್ಗಿಗೆ ಸರಪಳಿ ಹರಿಯಿತು. ಅದರ ತುದಿ ಬಂದು ಮುಂದಿನ ಗಾಜಿಗೆ ಬಡಿಯಿತು. ಅರ್ಧ ನಿಮಿಷ ಮೊದಲು ನನ್ನ ಗೆಳೆಯ ಅದೇ ಸಾಲಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದ. ವಿಡಿಯೊ ಚೆನ್ನಾಗಿ ಬರಲೆಂದು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದ. ಅವನು ಉಳಿದದ್ದು ನಮ್ಮ ಜಾಣತನದಿಂದಲ್ಲ, ಕ್ಯಾಮೆರಾ ಆಂಗಲ್‌ನಿಂದ!

ಗದ್ದಲ ಕೇಳಿ ಪಕ್ಕದ ಹೊಲದಿಂದ ಒಬ್ಬ ಹಿರಿಯರು ಬಂದರು. ನಾನು ಮತ್ತೆ ಗಾಡಿ ಚಾಲೂ ಮಾಡಿದ್ದೆ. ‘ಮೊದಲ ಆಕ್ಸಿಲೇಟರ್ ಬಿಡೋ ತಮ್ಮಾ. ಗಾಡಿ ಮ್ಯಾಲ ಬರವಲ್ದು, ತನ್ನ ಗುಂಡಿ ತಾನ ತೋಡಾಕತ್ತೈತಿ’ ಅಂದರು. ‘ಕಾಕಾ, ಇದು ಫೋರ್ ವೀಲ್ ಐತ್ರಿ’ ಅಂದೆ. ‘ಇದ್ರ? ಮಣ್ಣಿಗೇನ ಗೊತ್ತು?’

ಆ ಮಾತು ನನ್ನನ್ನು ಬಿಡಲಿಲ್ಲ. ಮನೆಗೆ ಬಂದ ಮೇಲೆ ಓದಿದೆ, ಮೆಕ್ಯಾನಿಕ್‌ಗಳನ್ನು ಕೇಳಿದೆ. ನಮ್ಮ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿದೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ಅದೇ ದಾರಿ ಒಂದು ಮಳೆಗೆ ಅಂಟಿನಂತಾಗುತ್ತದೆ. ಟೈರಿನ ಕಚ್ಚುಗಳಲ್ಲಿ ಆ ಮಣ್ಣು ತುಂಬಿಕೊಂಡರೆ ಹೊಸ ಟೈರೂ ಸವೆದ ಟೈರಿನಂತೆ ಜಾರುತ್ತದೆ. ಇನ್ನು ಫೋರ್ ವೀಲ್ ಡ್ರೈವ್ ಎಂದರೆ ನಾಲ್ಕೂ ಚಕ್ರಕ್ಕೆ ಸದಾ ಸಮಪಾಲು ಶಕ್ತಿ ಎಂದಲ್ಲ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಹಿಡಿತ ತಪ್ಪಿದರೆ ಅದೇ ಸುಮ್ಮನೆ ತಿರುಗುತ್ತದೆ, ಜೊತೆಯ ಚಕ್ರ ನಿಂತೇ ಇರುತ್ತದೆ. ಮುಂದೊಂದು, ಹಿಂದೊಂದು ಹೀಗೆ ಜಾರಿದರೆ, ಲಾಕ್ ಇಲ್ಲದ ಫೋರ್ ವೀಲ್ ಕೂಡ ಇದ್ದಲ್ಲೇ ಇರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಫೋರ್ ವೀಲ್ ಡ್ರೈವ್ ನಮ್ಮನ್ನು ಕೆಸರಿನಿಂದ ಕಾಪಾಡುವುದಿಲ್ಲ. ಸಾದಾ ಗಾಡಿ ದಾರಿಯ ಬಾಯಲ್ಲೇ ನಿಂತರೆ, ಇದು ಕೂಗಿದರೂ ಯಾರಿಗೂ ಕೇಳದಷ್ಟು ಒಳಗೆ ಕರೆದೊಯ್ದು ನಿಲ್ಲಿಸುತ್ತದೆ. ಕಲಿಯಬೇಕಾದ ವಿದ್ಯೆ ಲಿವರ್ ಎಳೆಯುವುದಲ್ಲ, ಇಳಿದು ನೋಡುವುದು.

ಆ ದಿನ ಕಾಕಾ ಮಾಡಿಸಿದ್ದೂ ಅದನ್ನೇ. ಮೊದಲು ಎಲ್ಲರನ್ನೂ ಕೆಳಗಿಳಿಸಿದರು. ಚಕ್ರಗಳ ಹಿಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆಸಿದರು, ಗಾಡಿಯ ಹೊಟ್ಟೆಗೆ ತಾಗಿದ್ದ ಮಣ್ಣನ್ನೂ ಬಿಡಿಸಿದರು. ಟೈರಿನ ಗಾಳಿ ಸ್ವಲ್ಪ ಇಳಿಸಿದೆವು. 30 ಪಿಎಸ್‌ಐ ಇದ್ದದ್ದನ್ನು 20ರ ಹತ್ತಿರಕ್ಕೆ ತಂದರೆ ಟೈರು ಅಗಲವಾಗಿ ಕೂತು ಭಾರ ಹಂಚುತ್ತದೆ. (ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರು ಕಾದು ಹಾಳಾಗುತ್ತದೆ.) ಆಮೇಲೆ ಹೊಲದಲ್ಲಿ ಬಿದ್ದಿದ್ದ ಕಬ್ಬಿನ ರವದಿಯನ್ನು ಹೊರೆಗಟ್ಟಲೆ ತಂದು ಚಕ್ರದಡಿ ತುರುಕಿದೆವು. ‘ಬಂದ ದಾರಿ ಗಟ್ಟಿ ಐತಿ ಅಂತ ಗೊತ್ತೈತಿ, ಮುಂದಿಂದು ಯಾವಂಗ ಗೊತ್ತು? ಹಿಂದಕ್ಕ ತಗಿ’ ಅಂದರು. ಲೋ ರೇಂಜ್, ರಿವರ್ಸ್ ಗೇರು, ಕಾಲು ಹಗುರ. ಮೂರನೇ ಯತ್ನಕ್ಕೆ ಜೀಪು ತಾನೇ ಹೊರಬಂತು. ಮುಕ್ಕಾಲು ಗಂಟೆಯ ಕೆಲಸ. ಟ್ರ್ಯಾಕ್ಟರೂ ಬೇಕಾಗಲಿಲ್ಲ, ಸರಪಳಿಯೂ ಬೇಕಾಗಲಿಲ್ಲ.

ಎಳೆಯಲೇಬೇಕಾದ ಸಂದರ್ಭವೂ ಬರುತ್ತದೆ. ಆಗ ಹಗ್ಗವನ್ನು ಚಾಸಿಗೆ ಜೋಡಿಸಿದ ಎಳೆಯುವ ಕೊಂಡಿಗೇ ಹಾಕಬೇಕು, ಬಂಪರಿಗಲ್ಲ. ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರೆ, ಹರಿದರೂ ಅದರ ಹೊಡೆತ ತಗ್ಗುತ್ತದೆ. ಹಗ್ಗದ ಸಾಲಿನಲ್ಲಿ, ಅದರ ಉದ್ದ ತಲುಪುವಷ್ಟು ದೂರದಲ್ಲಿ ಯಾರೂ ನಿಲ್ಲಬಾರದು. ಜರ್ಕ್ ಕೊಡದೆ ನಿಧಾನಕ್ಕೆ ಎಳೆಯಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆ ಇದು ಶೋಕಿಯ ಮಾತಲ್ಲ. ಕಬ್ಬಿನ ಹಂಗಾಮು ಶುರುವಾದರೆ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಎಷ್ಟೋ ಹುಡುಗರು ಟ್ರ್ಯಾಕ್ಟರ್ ಹತ್ತುತ್ತಾರೆ. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಕೆಳಗೆ ನೀರಾವರಿಯ ಹಸಿ ಎರೆ. ಇಲ್ಲಿ ತಪ್ಪು ಮಾಡಿದರೆ ಗಾಜು ಒಡೆಯುವುದಷ್ಟಕ್ಕೇ ಮುಗಿಯುವುದಿಲ್ಲ. ಹೂತ ಟ್ರ್ಯಾಕ್ಟರಿನ ಹಿಂದಿನ ಚಕ್ರ ಕದಲದೆ ಹಿಡಿದುಕೊಂಡಾಗ ಮುಂದಿನ ಗೇರಿನಲ್ಲಿ ಒಮ್ಮೆಲೇ ಕ್ಲಚ್ ಬಿಟ್ಟರೆ, ತಿರುಗಲಾರದ ಚಕ್ರದ ಬದಲು ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಚಾಲಕನ ಮೇಲೆ ಮಗುಚಬಹುದು. ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಎತ್ತುವುದು, ಆಕ್ಸಲ್‌ಗಿಂತ ಮೇಲೆ ಸರಪಳಿ ಕಟ್ಟಿ ಎಳೆಯುವುದು ಇದೇ ಕಾರಣಕ್ಕೆ ಜೀವಕ್ಕೆ ಕುತ್ತು. ಭಾರ ಇಳಿಸಿ ಅಥವಾ ಟ್ರೇಲರ್ ಬಿಚ್ಚಿ, ಡಿಫರೆನ್ಷಿಯಲ್ ಲಾಕ್ ಹಾಕಿ ಹಿಂದಕ್ಕೆ ಬರಲು ನೋಡುವುದೇ ಸುರಕ್ಷಿತ. ಆ ಲಾಕ್ ಹಾಕಿದಾಗ ಮಾತ್ರ ಸ್ಟಿಯರಿಂಗ್ ತಿರುಗಿಸಬಾರದು. ಇದನ್ನು ನಮಗೆ ಯಾರು ಹೇಳಿಕೊಡುತ್ತಾರೆ? ಮುಂದಿನ ಚಕ್ರ ಎತ್ತಿ ಟ್ರ್ಯಾಕ್ಟರ್ ಓಡಿಸುವ ವಿಡಿಯೊಗಳಿಗೆ ಲೈಕ್ ಬೀಳುತ್ತವೆ. ಲಾಕ್ ಪೆಡಲ್ ಎಲ್ಲಿದೆ ಎಂದು ತೋರಿಸುವ ವಿಡಿಯೊ ನೋಡುವವರು ಕಡಿಮೆ.

ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ತೆಗೆಸುತ್ತಾರೆ. ಕೆಸರಿನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಕೇಳುವುದಿಲ್ಲ. ನಮ್ಮ ಸೀಮೆಯ ಐಟಿಐಗಳಲ್ಲಿ, ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳಲ್ಲಿ ಹಂಗಾಮಿಗೆ ಮೊದಲು ಒಂದು ದಿನ ಇದನ್ನು ಕಲಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದು ಹೊಲ, ಒಂದು ಟ್ರ್ಯಾಕ್ಟರ್, ಆ ಕಾಕಾನಂಥ ಒಬ್ಬ ಮೇಷ್ಟ್ರು ಸಾಕು. ರೈತರೇ ದುಡ್ಡು ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ‘ಶ್ರಮಬಿಂದು ಸಾಗರ’ ಕಟ್ಟಿದ ನೆಲ ಇದು. ಇಷ್ಟು ಸಣ್ಣ ಕೆಲಸಕ್ಕೆ ಯಾರ ಅಪ್ಪಣೆ ಕಾಯಬೇಕು?

ಈಗ ನನ್ನ ಮೊಬೈಲಿನಲ್ಲಿ ಆ ಸಂಜೆಯ ವಿಡಿಯೊ ಇದೆ. ಸರಪಳಿ ಹರಿಯುವ ಸದ್ದು, ಗೆಳೆಯನ ಚೀರಾಟ, ಆಮೇಲೆ ಕತ್ತಲು. ನಾವು ಅದನ್ನು ಎಲ್ಲೂ ಹಾಕಲಿಲ್ಲ. ಆದರೆ ಯಾರಾದರೂ ಹೊಸ ಗಾಡಿ ತಂದು ‘ಬಾ, ನದಿ ಕಡೆ ಹೋಗೂಣು’ ಎಂದರೆ ಮೊದಲು ಅದನ್ನೇ ತೋರಿಸುತ್ತೇನೆ. ಆಮೇಲೆ ಇಬ್ಬರೂ ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ದಾರಿಯಲ್ಲಿ ಹತ್ತು ಹೆಜ್ಜೆ ನಡೆಯುತ್ತೇವೆ. ಕಾಲು ಹೂತರೆ ಗಾಡಿ ತಿರುಗಿಸುತ್ತೇವೆ.