ಬಾನೆಟ್ಟಿನೊಳಗೂ ಒಂದು ಕುಕ್ಕರ್!

ದಾವಣಗೆರೆಯಲ್ಲಿ ಕಾರು ಓಡಿಸೋ ಹೆಂಗಸರಿಗೇನೂ ಬರವಿಲ್ಲ. ಮಕ್ಕಳನ್ನು ಟ್ಯೂಷನ್ನಿಗೆ ಬಿಡೋದು, ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಹೋಗಿ ಬರೋದು ಎಲ್ಲಾ ನಾವೇ. ಆದರೆ ಬಾನೆಟ್ ಎತ್ತೋದು ಮಾತ್ರ ಇನ್ನೂ 'ಅವರ' ಕೆಲಸ! ಕ್ಲಚ್ಚು, ರಿವರ್ಸು ಕಲಿಸೋವಾಗಲೇ ಎಂಜಿನ್ ಬಿಸಿಯಾದ್ರೆ ಏನು ಮಾಡಬೇಕು ಅನ್ನೋದನ್ನೂ ಕಲಿಸಬೇಕು ಅನ್ನೋದು ನನ್ನ ವಾದ. ಯಾಕಂದ್ರೆ ಇಲ್ಲಿ ಎಂಜಿನ್ ಮಾತ್ರವಲ್ಲ, ಮುಖ, ಕೈ ಸುಟ್ಟುಕೊಳ್ಳುವ ಭಯವೂ ಇದೆ.

ಏಪ್ರಿಲ್ ಬಿಸಿಲು, ಪಿ.ಬಿ. ರಸ್ತೆಯ ಟ್ರಾಫಿಕ್ಕು, ಮೇಲಿಂದ ಎ.ಸಿ. ಬೇರೆ. ಟೆಂಪರೇಚರ್ ಮುಳ್ಳು 'ಎಚ್' ಕಡೆ ವಾಲಿತು, ಮುಳ್ಳಿಲ್ಲದ ಕಾರಾದರೆ ಕೆಂಪು ದೀಪ ಹತ್ತಿತು ಅಂದುಕೊಳ್ಳಿ. "ಇನ್ನೇನು ಮನೆ ಬಂತಲ್ಲ" ಅಂತ ಎಳಕೊಂಡು ಹೋಗಬೇಡಿ. ಎ.ಸಿ. ಆರಿಸಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಹಾಗೇ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಹೋಗಬಹುದು. ಒಂದು ಡಬ್ಬ ಕೂಲೆಂಟಿನಲ್ಲಿ ಮುಗೀತಿದ್ದ ಖರ್ಚು ಸಾವಿರಾರು ರೂಪಾಯಿಗೆ ಏರುತ್ತೆ.

ಅಷ್ಟರಲ್ಲಿ ನಾಲ್ಕು ಜನ ಸೇರ್ತಾರೆ. "ಕ್ಯಾಪ್ ತೆಗೀರಿ ಮೇಡಂ, ನೀರು ಹಾಕೋಣ!" ಬೇಡವೇ ಬೇಡ. ಕೂಗ್ತಿರೋ ಕುಕ್ಕರಿನ ಮುಚ್ಚಳ ಯಾರಾದ್ರೂ ತೆಗೀತೀವಾ? ರೇಡಿಯೇಟರಿನದ್ದೂ ಅದೇ ಕಥೆ. ಒತ್ತಡದಲ್ಲಿರೋದ್ರಿಂದ ಒಳಗಿನ ನೀರು 100 ಡಿಗ್ರಿ ದಾಟಿದ್ರೂ ಕುದಿಯೋದಿಲ್ಲ, ಮುಚ್ಚಳ ಸಡಿಲಿಸಿದ ಕ್ಷಣ ಆವಿಯಾಗಿ ಮುಖಕ್ಕೇ ಚಿಮ್ಮುತ್ತೆ. ಅರ್ಧ ಗಂಟೆಯಾದರೂ ಕಾಯಿರಿ, ಮುಟ್ಟಿದರೆ ಪೂರ್ತಿ ತಣ್ಣಗಿರಬೇಕು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯೋದೂ ತಪ್ಪು, ಲೋಹ ಬಿರುಕು ಬಿಟ್ಟೀತು.

ಯಾವಾಗ ಬಿಸಿಯಾಯ್ತು ಅನ್ನೋದನ್ನ ಗಮನಿಸಿ. ಊರೊಳಗೆ ಏರಿ, ಹೈವೇಯಲ್ಲಿ ಗಾಳಿ ಹೊಡೆದ ಕೂಡಲೇ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಹೈವೇಯಲ್ಲೂ ಏರುತ್ತಿದ್ದರೆ ಕೂಲೆಂಟ್ ಕಡಿಮೆಯಾಗಿರಬಹುದು, ಥರ್ಮೋಸ್ಟಾಟೋ ವಾಟರ್ ಪಂಪೋ ಕೈಕೊಟ್ಟಿರಬಹುದು, ಇಲ್ಲಾ ರೇಡಿಯೇಟರ್ ಕಟ್ಟಿಕೊಂಡಿರಬಹುದು. ನಮ್ಮದು ಭತ್ತದ ಸೀಮೆ. ಕೊಯ್ಲಿನ ದಿನಗಳ ಹೊಟ್ಟು, ಧೂಳು ಅದರ ಜಾಲರಿಯಲ್ಲಿ ಕೂರುತ್ತೆ. ಎಂಜಿನ್ ತಣ್ಣಗಿದ್ದಾಗ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟರೆ ಸಾಕು. ಇಷ್ಟು ವಿವರ ನೀವೇ ಹೇಳಿದರೆ ಮೆಕ್ಯಾನಿಕ್ಕೂ ಸ್ವಲ್ಪ ನೆಟ್ಟಗೆ ಮಾತಾಡ್ತಾರೆ!

"ಕೂಲೆಂಟ್ ಯಾಕೆ, ಬೋರ್ ನೀರು ಸಾಲದಾ?" ಅನ್ನೋರಿದ್ದಾರೆ. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟೋದು. ದಾರಿಯಲ್ಲಿ ಗತಿಯಿಲ್ಲದೆ ಹಾಕಿದರೆ ಸರಿ, ಗ್ಯಾರೇಜಿನಲ್ಲಿ ಹೇಳಿ ತೆಗೆಸಿಬಿಡಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನು, ಹೆಚ್ಚಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರಿನ ಜೊತೆ ಬೆರೆಸಿ. ವಾರಕ್ಕೊಮ್ಮೆ ಬೆಳಿಗ್ಗೆ ರಂಗೋಲಿ ಹಾಕಿದ ಮೇಲೆ ಒಮ್ಮೆ ಬಾನೆಟ್ ಎತ್ತಿ ಪ್ಲಾಸ್ಟಿಕ್ ಡಬ್ಬದ ಎರಡು ಗೆರೆಗಳ ಮಧ್ಯೆ ಮಟ್ಟ ಇದೆಯಾ ನೋಡಿ. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ, ಸುರೀತಾ ಹೋಗಬೇಡಿ.

ಉಳಿದ ಕೂಲೆಂಟನ್ನು ಜ್ಯೂಸ್ ಬಾಟಲಿಗೆ ಮಾತ್ರ ಹಾಕಿಡಬೇಡಿ. ಬಣ್ಣ ಚೆಂದ, ರುಚಿ ಸಿಹಿ, ಆದರೆ ವಿಷ. ಮಕ್ಕಳ ಕೈಗೂ ನಾಯಿ ಬಾಯಿಗೂ ಸಿಗದಂತೆ ಅಟ್ಟದ ಮೇಲಿಡಿ.