ಹೊಲದ ಪ್ರಯೋಗ: ಬದಲಿಸುವುದು ಒಂದೇ ಇರಲಿ



"ಈ ವರ್ಷ ಹೊಸ ತಳಿ ಹಾಕಿದೆ, ಯೂರಿಯಾವನ್ನೂ ಹೆಚ್ಚು ಕೊಟ್ಟೆ, ರಾಗಿ ಚೆನ್ನಾಗಿ ಬಂತು" ಎನ್ನುವವರು ಅನೇಕರು. ಇಳುವರಿ ಹೆಚ್ಚಿದ್ದು ತಳಿಯಿಂದಲೋ, ಯೂರಿಯಾದಿಂದಲೋ, ಹದವಾಗಿ ಬಿದ್ದ ಮಳೆಯಿಂದಲೋ? ಮೂರೂ ಒಟ್ಟಿಗೆ ಬದಲಾದುದರಿಂದ ಉತ್ತರ ಸಿಗದು. ಆದರೂ ಮರುವರ್ಷ ಗೊಬ್ಬರಕ್ಕೆ ಇನ್ನಷ್ಟು ಹಣ ಸುರಿಯುತ್ತೇವೆ.

ಪ್ರಯೋಗದಲ್ಲಿ ಬದಲಾಗುವ ಅಂಶಕ್ಕೆ 'ಚರ' ಎಂದು ಹೆಸರು. ನಾವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ. ಅದನ್ನನುಸರಿಸಿ ಬದಲಾಗುವುದು ಅವಲಂಬಿತ ಚರ. ಸಾರಜನಕ ಮೊದಲನೆಯದಾದರೆ ಇಳುವರಿ ಎರಡನೆಯದು. ತಳಿ, ಬಿತ್ತನೆಯ ದಿನ, ರಂಜಕ, ಪೊಟ್ಯಾಷ್, ಕಳೆ ತೆಗೆಯುವುದು ಇವೆಲ್ಲ ಎಲ್ಲ ತಾಕುಗಳಲ್ಲೂ ಒಂದೇ ಸಮನಾಗಿರಬೇಕು.

ಇದು ವಿಜ್ಞಾನಿಗಳ ಕೆಲಸವೆಂದು ರೈತರು ಕೈಬಿಡಬಾರದೆಂಬುದು ನನ್ನ ಅಭಿಪ್ರಾಯ. ಶಿಫಾರಸು ಒಂದು ಪ್ರದೇಶಕ್ಕೆ ಹೊಂದುವಂಥದು; ನಿಮ್ಮ ಮಣ್ಣಿನ ಗುಣ ನಿಮ್ಮ ಹೊಲದಲ್ಲೇ ತಿಳಿಯಬೇಕು. ಒಂದೊಂದು ಗುಂಟೆಯ ಐದು ತಾಕುಗಳನ್ನು ಮಾಡಿ, ನಡುವೆ ಬದು ಹಾಕಿ. ಎಕರೆಗೆ 0, 10, 20, 30, 40 ಕಿಲೋ ಸಾರಜನಕದ ಲೆಕ್ಕದಲ್ಲಿ ಕೊಡಿ. ಎಕರೆಗೆ 10 ಕಿಲೋ ಎಂದರೆ ಒಂದು ಗುಂಟೆಗೆ ಸುಮಾರು 540 ಗ್ರಾಂ ಯೂರಿಯಾ. ಹೊಲದ ತಗ್ಗು ಭಾಗದಲ್ಲಿ ತೇವ ಹೆಚ್ಚು; ಆದ್ದರಿಂದ ಇದೇ ಐದನ್ನು ದಿಣ್ಣೆಯ ಕಡೆಯೂ ಮತ್ತೊಮ್ಮೆ ಮಾಡಿ.

ಏನೂ ಹಾಕದ ತಾಕು ನಷ್ಟವೆಂದು ಭಾವಿಸಬೇಡಿ. ಅಳತೆಗೋಲು ಅದೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿ ಪ್ರಯೋಗ ಇಂದಿಗೂ ನಡೆದಿದೆ. ಅಲ್ಲಿನ ಒಂದು ಪಟ್ಟೆಗೆ ಅಂದಿನಿಂದ ಗೊಬ್ಬರವನ್ನೇ ಹಾಕಿಲ್ಲ.

ಒಕ್ಕಣೆಯಾದ ಮೇಲೆ ಪ್ರತಿ ತಾಕಿನ ಕಾಳನ್ನೂ ಬೇರೆಬೇರೆಯಾಗಿ ಒಣಗಿಸಿ ತೂಗಿ, ಎಕರೆ ಲೆಕ್ಕಕ್ಕೆ 40ರಿಂದ ಗುಣಿಸಿ. ಮಕ್ಕಳ ಗ್ರಾಫ್ ಹಾಳೆಯಲ್ಲಿ ಅಡ್ಡಗೆರೆಯ ಮೇಲೆ ಸಾರಜನಕ, ಉದ್ದಗೆರೆಯ ಮೇಲೆ ಇಳುವರಿ ಗುರುತಿಸಿ ಚುಕ್ಕೆಗಳನ್ನು ಜೋಡಿಸಿ. ಉದಾಹರಣೆಗೆ, ಕ್ರಮವಾಗಿ 6, 8, 9.5, 10, 10 ಕ್ವಿಂಟಾಲ್ ಬಂದಿತೆನ್ನೋಣ. ಗೆರೆ ಮೊದಲು ಕಡಿದಾಗಿ ಏರಿ, ಬರಬರುತ್ತ ಬಾಗಿ, ಕೊನೆಗೆ ಮಟ್ಟಸವಾಗುತ್ತದೆ. ಕೊನೆಯ 10 ಕಿಲೋ ಸಾರಜನಕಕ್ಕೆ ಖರ್ಚಾಯಿತೇ ಹೊರತು ಒಂದು ಸೇರು ರಾಗಿಯೂ ಹೆಚ್ಚಲಿಲ್ಲ. ಮೇಲಾಗಿ, ಸಾರಜನಕ ಅತಿಯಾದರೆ ಪೈರು ಮಲಗುತ್ತದೆ, ಬೆಂಕಿ ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ.

ಮಾರಾಟಗಾರರು ತೋರಿಸುವ ನಕ್ಷೆಗಳ ವಿಷಯದಲ್ಲಿ ಎಚ್ಚರವಿರಲಿ. ಉದ್ದಗೆರೆ ಸೊನ್ನೆಯಿಂದ ಆರಂಭವಾಗಿದೆಯೇ ನೋಡಿ. 9ರಿಂದ ಆರಂಭಿಸಿದರೆ 9.5ರ ಕಂಬಕ್ಕಿಂತ 10ರ ಕಂಬ ಎರಡರಷ್ಟು ಎತ್ತರವಾಗಿ ಕಾಣುತ್ತದೆ. ನಿಜವಾದ ವ್ಯತ್ಯಾಸ ಅರ್ಧ ಕ್ವಿಂಟಾಲ್ ಮಾತ್ರ. ಹೋಲಿಕೆಯ ತಾಕು ಎಲ್ಲಿತ್ತು, ಎಷ್ಟು ವರ್ಷ ನೋಡಿದಿರಿ ಎಂದೂ ಕೇಳಿ.

ಮಳೆ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಒಂದೇ ವರ್ಷದ ಫಲಿತಾಂಶ ನೋಡಿ ತೀರ್ಮಾನಿಸದೆ, ಎರಡು ಮೂರು ಮುಂಗಾರು ಇದೇ ಪ್ರಯೋಗ ನಡೆಸಿ. ಇದಕ್ಕೆ ಬೇಕಾದುದು ಹತ್ತು ಗುಂಟೆ ನೆಲ, ಒಂದು ತಕ್ಕಡಿ, ಒಂದು ಹಾಳೆ. ಬರುವ ಮುಂಗಾರಿನಲ್ಲೇ ಆರಂಭಿಸಿರಿ.