ಬೆಂಕಿಯನ್ನು ಬೆಂಕಿಯಿಂದಲೇ ತಡೆಯಬಹುದೇ?

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುವ ಹೊತ್ತಿಗೆ ಘಟ್ಟದ ಎಲೆಯುದುರುವ ಕಾಡುಗಳ ನೆಲ ತರಗೆಲೆಯಿಂದ ಮುಚ್ಚಿಹೋಗುತ್ತದೆ. ಗುಡ್ಡದ ನೆತ್ತಿಯ ಹುಲ್ಲು ಹಳದಿಗೆ ತಿರುಗುತ್ತದೆ. ಅಲ್ಲಿಂದ ಮುಂಗಾರಿನ ಮೊದಲ ಮಳೆಯವರೆಗೆ ಕಾಡಂಚಿನ ಊರುಗಳಿಗೆ ಬೆಂಕಿಯ ಭಯ ತಪ್ಪಿದ್ದಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಕಾಡ್ಗಿಚ್ಚಿಗೆ ಬಲಿಯಾದರು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಸುಟ್ಟ ಪ್ರದೇಶ ಸುಮಾರು 4,400 ಹೆಕ್ಟೇರ್ ಎಂದು ಉಪಗ್ರಹ ಚಿತ್ರಗಳ ಆಧಾರದಲ್ಲಿ ಅಂದಾಜಿಸಲಾಯಿತು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ಭಾಗದ ಕಾಡಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು.

ಇಂಥ ಪ್ರತಿಯೊಂದು ದುರಂತದ ಬೆನ್ನಿಗೂ ಒಂದು ಸಲಹೆ ಕೇಳಿಬರುತ್ತದೆ: ಬೇಸಿಗೆ ಬಲಿಯುವ ಮೊದಲೇ ಕಾಡಿನ ತರಗನ್ನು ಬೇಕೆಂದೇ ಸುಟ್ಟುಬಿಟ್ಟರೆ ದೊಡ್ಡ ಬೆಂಕಿಗೆ ಮೇವೇ ಇರುವುದಿಲ್ಲವಲ್ಲ? ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ಗಾಳಿ, ಬಿಸಿಲು, ಇಳಿಜಾರು ಇವು ಯಾವುವೂ ಮನುಷ್ಯನ ಹಿಡಿತದಲ್ಲಿಲ್ಲ. ಅವನು ಕಡಿಮೆ ಮಾಡಬಹುದಾದದ್ದು ಉರಿಯುವ ವಸ್ತುವನ್ನು ಮಾತ್ರ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಬಹು ಹಿಂದೆಯೇ ಅರಿತಿದ್ದರು. ನೆಲದಲ್ಲಿ ಇನ್ನೂ ತೇವವಿರುವಾಗ ಅವರು ಹಾಕುತ್ತಿದ್ದ ‘ತರಗು ಬೆಂಕಿ’ ನೆಲಮಟ್ಟದಲ್ಲೇ ಹರಿದು ತಣ್ಣಗಾಗುತ್ತಿತ್ತು. ಅದರಿಂದ ಹುಲ್ಲು ಚಿಗುರುತ್ತಿತ್ತು, ನೆಲ್ಲಿಯ ಮರಗಳನ್ನು ಹಿಂಡುವ ಬಂದಳಿಕೆಯೂ ಹದ್ದುಬಸ್ತಿನಲ್ಲಿರುತ್ತಿತ್ತು ಎನ್ನುತ್ತಾರೆ ಸೋಲಿಗ ಹಿರಿಯರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. 1974ರಲ್ಲಿ ಈ ಬೆಟ್ಟ ಅಭಯಾರಣ್ಯವಾಯಿತು; ಆ ಪದ್ಧತಿ ನಿಂತುಹೋಯಿತು. ಮುಂದಿನ ದಶಕಗಳಲ್ಲಿ ಲಂಟಾನ ಕಾಡನ್ನು ಆವರಿಸಿತು. 1997 ಮತ್ತು 2008ರ ನಡುವಿನ ಅವಧಿಯೊಂದರಲ್ಲೇ ಅದರ ಹರವು ಇಲ್ಲಿ ಸರಿಸುಮಾರು ಇಮ್ಮಡಿಯಾದುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಹಾಗಾದರೆ ಹಳೆಯ ಪದ್ಧತಿಯನ್ನು ನಾಳೆಯೇ ಮರಳಿ ತರಬಹುದೇ? ಇಲ್ಲಿಯೇ ಎಚ್ಚರಿಕೆ ಅಗತ್ಯ. ಹಿಂದಿನ ತರಗು ಬೆಂಕಿ ಹರಿದದ್ದು ಹುಲ್ಲು ಮತ್ತು ಎಲೆಗಳ ಮೇಲೆ. ಇಂದು ಅದೇ ಜಾಗದಲ್ಲಿ ಆಳೆತ್ತರದ ಲಂಟಾನದ ಪೊದೆಗಳಿವೆ. ನೆಲದ ಬೆಂಕಿಗೆ ಅವು ಏಣಿಯಾಗುತ್ತವೆ; ಕಾಲ ಬುಡದಲ್ಲಿರಬೇಕಾದ ಜ್ವಾಲೆ ಮರದ ಕೊಂಬೆಯನ್ನೇ ಹಿಡಿಯುತ್ತದೆ. ಪೊದೆಯನ್ನು ಮೊದಲು ಕಿತ್ತು ತೆಗೆಯದೆ ಬೆಂಕಿ ಇಡುವುದು ಪರಂಪರೆಯ ಪಾಲನೆಯಲ್ಲ, ಅಪಾಯಕ್ಕೆ ಆಹ್ವಾನ. ಇನ್ನು ಮಲೆನಾಡಿನ ನಿತ್ಯಹರಿದ್ವರ್ಣ ಕಾಡು ಮತ್ತು ಶೋಲಾಗಳ ಮಾತೇ ಬೇರೆ. ಅಲ್ಲಿನ ತೆಳು ತೊಗಟೆಯ ಮರಗಳಿಗೆ ಬೆಂಕಿಯನ್ನು ತಾಳುವ ಶಕ್ತಿಯಿಲ್ಲ. ಅಲ್ಲಿ ‘ಒಳ್ಳೆಯ ಬೆಂಕಿ’ ಎಂಬುದೇ ಇಲ್ಲ.

ಯೋಜಿತ ದಹನವನ್ನು ಸರ್ಕಾರಿ ಕಾರ್ಯಕ್ರಮವನ್ನಾಗಿ ಮಾಡಿಕೊಂಡ ದೇಶಗಳ ಅನುಭವ ಕಣ್ಣು ತೆರೆಸುವಂತಿದೆ. ಪಶ್ಚಿಮ ಆಸ್ಟ್ರೇಲಿಯದ ಮಾರ್ಗರೆಟ್ ರಿವರ್ ಬಳಿ 2011ರ ಸೆಪ್ಟೆಂಬರಿನಲ್ಲಿ ಹಚ್ಚಿದ ಬೆಂಕಿ ಒಳಗೊಳಗೇ ಕನಲುತ್ತಿದ್ದು, ನವೆಂಬರಿನ ಬಿರುಗಾಳಿಗೆ ಹೊರಬಿದ್ದು 30ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2022ರ ಜನವರಿಯಲ್ಲಿ ಸುಟ್ಟ ಸೌದೆ ರಾಶಿಗಳ ಕೆಂಡ ಹಿಮದ ಕೆಳಗೂ ಬದುಕುಳಿದು ಏಪ್ರಿಲಿನಲ್ಲಿ ಭುಗಿಲೆದ್ದಿತು. ಅದೇ ತಿಂಗಳು ಕೈತಪ್ಪಿದ ಇನ್ನೊಂದು ಯೋಜಿತ ಬೆಂಕಿಯೊಡನೆ ಸೇರಿ ಅದು ಸುಮಾರು 1.38 ಲಕ್ಷ ಹೆಕ್ಟೇರ್ ನೆಲವನ್ನು ನುಂಗಿತು. ಇವೆರಡೂ ತರಬೇತಿ ಪಡೆದ ಸಿಬ್ಬಂದಿ, ವಾಹನ, ಹವಾಮಾನ ಮುನ್ಸೂಚನೆ ಎಲ್ಲವೂ ಇದ್ದ ಇಲಾಖೆಗಳ ಕೈತಪ್ಪಿದ ಬೆಂಕಿಗಳು ಎಂಬುದನ್ನು ಮರೆಯಲಾಗದು.

ಇನ್ನೊಂದು ಪಾಠ ಗುರಿಗಳ ಕುರಿತಾದದ್ದು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 2009ರ ಫೆಬ್ರವರಿ 7ರಂದು ಎದ್ದ ಕಾಡ್ಗಿಚ್ಚುಗಳು 173 ಜೀವಗಳನ್ನು ಬಲಿ ತೆಗೆದುಕೊಂಡವು. ಅದರ ವಿಚಾರಣೆ ನಡೆಸಿದ ಆಯೋಗ, ಪ್ರತಿವರ್ಷ ಸಾರ್ವಜನಿಕ ಭೂಮಿಯ ಕನಿಷ್ಠ ಶೇ. 5 ಭಾಗವನ್ನು ಯೋಜಿತವಾಗಿ ಸುಡಬೇಕೆಂದು ಶಿಫಾರಸು ಮಾಡಿತು. ಆದರೆ ಹೆಕ್ಟೇರುಗಳ ಲೆಕ್ಕ ತುಂಬಿಸುವುದೇ ಗುರಿಯಾದರೆ ಸುಡಲು ಸುಲಭವಾದ, ಜನವಸತಿಯಿಂದ ದೂರದ ನೆಲವೇ ಮೊದಲು ಸುಡುತ್ತದೆ. ಮನೆಗಳ ಸಮೀಪದ ಕಷ್ಟದ ಜಾಗ ಉಳಿದುಹೋಗುತ್ತದೆ. 2015ರಲ್ಲಿ ಆ ರಾಜ್ಯ ಶೇ. 5ರ ಗುರಿಯನ್ನು ಕೈಬಿಟ್ಟು, ಜನ ಮತ್ತು ಆಸ್ತಿಗೆ ಎಷ್ಟು ಅಪಾಯ ತಗ್ಗಿತು ಎಂಬುದನ್ನೇ ಅಳತೆಗೋಲಾಗಿ ಸ್ವೀಕರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲ್ಯಾನ್ಸ್‌ಫೀಲ್ಡ್ ಬಳಿ ಕೈತಪ್ಪಿದ ಯೋಜಿತ ಬೆಂಕಿ ನಾಲ್ಕು ಮನೆಗಳನ್ನು ಸುಟ್ಟುಹಾಕಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಉತ್ತರ ಆಸ್ಟ್ರೇಲಿಯದ ಪಶ್ಚಿಮ ಆರ್ನ್‌ಹೆಮ್ ಪ್ರದೇಶದಲ್ಲಿ ಮೂಲನಿವಾಸಿಗಳೇ ಮುಂದೆ ನಿಂತು ಒಣಹವೆಯ ಆರಂಭದಲ್ಲಿ ಹಾಕುವ ಸಣ್ಣ ಬೆಂಕಿಗಳು ಕೊನೆಯ ತಿಂಗಳುಗಳ ಮಹಾಬೆಂಕಿಗಳನ್ನು ತಗ್ಗಿಸಿವೆ. ನೆಲವನ್ನು ಬಲ್ಲವರ ಕೈಯ ಬೆಂಕಿಗೂ ಕಚೇರಿಯ ಕಡತದ ಬೆಂಕಿಗೂ ಇರುವ ವ್ಯತ್ಯಾಸ ಇದು.

ಈ ಹಿನ್ನೆಲೆಯಲ್ಲಿ ಘಟ್ಟದ ಊರುಗಳು ಮಾಡಬೇಕಾದುದೇನು? ಮೊದಲನೆಯದಾಗಿ, ಬೆಂಕಿ ರೇಖೆಗೂ ವಿಶಾಲ ಕಾಡನ್ನು ಸುಡುವುದಕ್ಕೂ ಇರುವ ಅಂತರವನ್ನು ಗುರುತಿಸಬೇಕು. ರಸ್ತೆ ಮತ್ತು ಗಡಿಯುದ್ದಕ್ಕೆ ಹುಲ್ಲು, ತರಗು ಸವರಿ ಸುಟ್ಟು ರೇಖೆ ಮಾಡುವ ಕೆಲಸ ಬೇಸಿಗೆಗೆ ಮೊದಲೇ ಮುಗಿಯಬೇಕು. ಅದು ತಡವಾಗಿ, ಮಧ್ಯಾಹ್ನದ ಗಾಳಿಯಲ್ಲಿ ನಡೆದರೆ ರೇಖೆಯೇ ಕಿಚ್ಚಿನ ಮೂಲವಾದೀತು. ಸುಡುವ ದಿನ ಮತ್ತು ಜಾಗವನ್ನು ಊರಿಗೆ ಮುಂಚಿತವಾಗಿ ತಿಳಿಸಬೇಕು. ಕೊನೆಯ ಕೆಂಡ ತಣ್ಣಗಾಗುವವರೆಗೆ, ಬೇಕಾದರೆ ಮರುದಿನವೂ, ಕಾವಲಿರಬೇಕು. ಮರದ ಪೊಟರೆಯಲ್ಲಿ, ಒಣ ಬೇರಿನಲ್ಲಿ ಬೆಂಕಿ ಅಡಗಿ ಕೂರುತ್ತದೆ.

ಎರಡನೆಯದಾಗಿ, ಬೆಂಕಿಯಿಲ್ಲದೆಯೇ ಮೇವನ್ನು ಕಡಿಮೆ ಮಾಡುವ ದಾರಿಗಳಿವೆ. ಸೊಪ್ಪಿನ ಬೆಟ್ಟದ ದರಕನ್ನು ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ಹೊರುವ ಮಲೆನಾಡಿನ ರೂಢಿ ಬೆಂಕಿಯ ವಿಮೆಯೂ ಹೌದು. ಹಾಗೆಂದು ಬೆಟ್ಟವನ್ನು ಬರಿದು ಮಾಡುವಂತಿಲ್ಲ; ಮಣ್ಣಿಗೂ ಅದರ ಪಾಲು ಉಳಿಯಬೇಕು. ಮನೆ, ಹುಲ್ಲಿನ ಬಣವೆ ಮತ್ತು ಕೊಟ್ಟಿಗೆಗಳ ಸುತ್ತಲಿನ ಒಣಹುಲ್ಲು, ಲಂಟಾನ, ಕಮ್ಯುನಿಸ್ಟ್ ಗಿಡಗಳನ್ನು ಸಂಕ್ರಾಂತಿಯೊಳಗೆ ಸವರಿದರೆ ಅರ್ಧ ಅಪಾಯ ದೂರವಾದಂತೆ.

ಮೂರನೆಯದಾಗಿ, ಕಿಚ್ಚು ಆರಿಸಲು ಹೋಗುವವರ ಪ್ರಾಣದ ಪ್ರಶ್ನೆ. ಇಳಿಜಾರಿನಲ್ಲಿ ಬೆಂಕಿ ಕೆಳಗಿನಿಂದ ಮೇಲಕ್ಕೆ ಅತಿವೇಗವಾಗಿ ಏರುತ್ತದೆ. ಅದರ ಮೇಲ್ಭಾಗದಲ್ಲಿ ನಿಲ್ಲುವುದು ಮೃತ್ಯುವಿನ ಎದುರು ನಿಂತಂತೆ. ನೈಲಾನ್ ಬಟ್ಟೆ ಕರಗಿ ಮೈಗಂಟುತ್ತದೆ. ಹತ್ತಿ ಬಟ್ಟೆಯೇ ಲೇಸು. ಹಸಿ ಸೊಪ್ಪಿನಿಂದ ಬಡಿಯುವ ಮೊದಲು ಓಡುವ ದಾರಿ ಯಾವುದೆಂದು ನೋಡಿಟ್ಟುಕೊಂಡಿರಬೇಕು. ಬೇಸಿಗೆಯ ಕೆಲವೇ ತಿಂಗಳು ದುಡಿಯುವ ಬೆಂಕಿ ಕಾವಲುಗಾರರಿಗೆ ಸಕಾಲಕ್ಕೆ ಕೂಲಿ, ಬೂಟು, ನೀರು ಮತ್ತು ವಿಮೆ ಒದಗಿಸುವುದು ಉಪಕಾರವಲ್ಲ, ಕರ್ತವ್ಯ.

ಕೊನೆಯದಾಗಿ, ನಿರ್ಧಾರ ಯಾರದು ಎಂಬ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ರಕ್ಷಣೆ ಮತ್ತು ನಿರ್ವಹಣೆಯಲ್ಲಿ ಗ್ರಾಮಸಭೆಗೆ ಸ್ಥಾನ ನೀಡಿದೆ. 2011ರಲ್ಲಿ ಸೋಲಿಗರಿಗೆ ಸಾಮುದಾಯಿಕ ಹಕ್ಕುಗಳೂ ದೊರೆತವು. ಲಂಟಾನ ತೆರವಾದ ಒಣ ಕಾಡಿನ ಸಣ್ಣ ತುಣುಕುಗಳಲ್ಲಿ, ಸೋಲಿಗ ಹಿರಿಯರ ಮಾರ್ಗದರ್ಶನದಲ್ಲಿ, ಇಲಾಖೆ ಮತ್ತು ವಿಜ್ಞಾನಿಗಳ ಸಮಕ್ಷಮದಲ್ಲಿ ತರಗು ಬೆಂಕಿಯನ್ನು ಪರೀಕ್ಷಿಸಿ ನೋಡಲು ಕಾನೂನು ಅವಕಾಶ ಮಾಡಿಕೊಡಬೇಕು. ಫಲಿತಾಂಶವನ್ನು ವರ್ಷವರ್ಷವೂ ಬರೆದಿಡಲು ಸುತ್ತಲಿನ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ನೆರವಾಗಬಹುದು. ಅಲ್ಲಿಯವರೆಗೆ ಯಾರೊಬ್ಬರೂ ತಮ್ಮಷ್ಟಕ್ಕೆ ತಾವೇ ಕಡ್ಡಿ ಗೀರಕೂಡದು.

ಬೆಂಕಿಯನ್ನು ಬೆಂಕಿಯಿಂದ ತಡೆಯಬಹುದು. ಆದರೆ ಎಲ್ಲ ಕಾಡಿನಲ್ಲಲ್ಲ, ಎಲ್ಲ ಕಾಲದಲ್ಲಲ್ಲ, ಎಲ್ಲರ ಕೈಯಿಂದಲೂ ಅಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಹಿರಿಯರದು. ಈ ಬೇಸಿಗೆಗೆ ಮೊದಲೇ ಪ್ರತಿ ಗ್ರಾಮಸಭೆಯೂ ಒಮ್ಮೆ ಕುಳಿತು, ತನ್ನ ಕಾಡಿನ ಯಾವ ಭಾಗವನ್ನು ಸವರಬೇಕು, ಎಲ್ಲಿ ರೇಖೆ ತೆಗೆಯಬೇಕು, ಎಲ್ಲಿ ಕಿಡಿಯೂ ಬೀಳಬಾರದು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಅದೇ ಆ ಊರಿನ ಬಾವಿ.